ಮುರಿದ ಸ್ಟಡ್ಡನ್ನು ತೆಗೆಯುವ ಬಗೆ



ಪೈರಿಗೆ ನೀರು ಬೇಕೇ ಬೇಕೆನ್ನುವ ದಿನವೇ ಎಂಜಿನ್ನು ಕೆಡುವುದು ನಮ್ಮಲ್ಲಿ ಅನೇಕರ ಅನುಭವ. ಕೆಟ್ಟ ಎಂಜಿನ್ನನ್ನು ಬಿಚ್ಚಿ ಸರಿಪಡಿಸುವುದು ಅಷ್ಟೇನೂ ಕಷ್ಟವಲ್ಲ. ಆದರೆ ಬಿಚ್ಚುವಾಗ ಒಂದು ಸ್ಟಡ್ಡೋ ಬೋಲ್ಟೋ ಮುರಿದು, ಅದರ ತುಂಡು ಒಳಗೇ ಉಳಿದುಬಿಟ್ಟರೆ ಎಂಥವನಿಗೂ ಕೈಕಾಲು ಆಡುವುದಿಲ್ಲ. ಈ ತುಂಡನ್ನು ತೆಗೆಯುವುದು ಹೇಗೆ ಎಂಬುದೇ ಈ ಸಂಚಿಕೆಯ ಪಾಠ.

ಮೊದಲು ನಾನು ಕಣ್ಣಾರೆ ಕಂಡ ಒಂದು ಸಂಗತಿಯನ್ನು ಹೇಳುತ್ತೇನೆ. ಒಂದೇ ಹಳ್ಳದ ದಡದಲ್ಲಿ ಇಬ್ಬರು ರೈತರು ಡೀಸೆಲ್ ಪಂಪುಸೆಟ್ಟಿನಿಂದ ಮೆಣಸಿನ ಗಿಡಕ್ಕೆ ನೀರು ಕೊಡುತ್ತಿದ್ದರು. ಗಿಡಗಳು ಹೂವಿಗೆ ಬಂದಿದ್ದವು. ಮೊದಲನೆಯವನ ಎಂಜಿನ್ನಿನ ಹೆಡ್ ಗ್ಯಾಸ್ಕೆಟ್ ಸುಟ್ಟಿತು. ಹೆಡ್ಡನ್ನು ಬಿಚ್ಚುವಾಗ ಒಂದು ನಟ್ಟು ಜಗ್ಗಲಿಲ್ಲ. ಆತ ಸ್ಪಾನರಿಗೆ ಮಾರುದ್ದದ ಪೈಪು ಸಿಕ್ಕಿಸಿ ಎಳೆದ. ಸ್ಟಡ್ಡು ‘ಟಕ್’ ಎಂದು ಮುರಿಯಿತು. ಆ ಕೋಪದಲ್ಲೇ ಡ್ರಿಲ್ ತರಿಸಿ ಅಂದಾಜಿನಲ್ಲಿ ತೂತು ಕೊರೆದ, ಎಕ್ಸ್‌ಟ್ರಾಕ್ಟರ್ ಹಾಕಿ ತಿರುವಿದ. ಅದೂ ಒಳಗೆ ಮುರಿದುಕೊಂಡಿತು. ಕೊನೆಗೆ ಎಂಜಿನ್ನಿನ ಬ್ಲಾಕನ್ನೇ ಕಳಚಿ ಪಟ್ಟಣಕ್ಕೆ ಹೊರಬೇಕಾಯಿತು. ಅದು ತಿರುಗಿ ಬರುವಷ್ಟರಲ್ಲಿ ಎಂಟು ದಿನ ಕಳೆದು, ಹೂವೆಲ್ಲ ಉದುರಿತ್ತು.

ಎರಡನೆಯವನ ಎಂಜಿನ್ನಿನಲ್ಲೂ ಅದೇ ಬೇಸಿಗೆಯಲ್ಲಿ ಅದೇ ರೀತಿ ಸ್ಟಡ್ಡು ಮುರಿಯಿತು. ಆತ ಸ್ಪಾನರನ್ನು ಕೆಳಗಿಟ್ಟು, ತುಂಡಿನ ಸುತ್ತ ಎಣ್ಣೆ ಬಿಟ್ಟು ಮನೆಗೆ ಹೋದ. ಮರುದಿನ ಊರಿನ ವೆಲ್ಡಿಂಗ್ ಕೆಲಸದವನನ್ನು ಕರೆತಂದ. ಮಧ್ಯಾಹ್ನದ ಊಟದ ಹೊತ್ತಿಗೆ ತುಂಡು ಕೈಗೆ ಬಂದಿತ್ತು. ಸಂಜೆಗೆ ಪಂಪು ನೀರೆತ್ತುತ್ತಿತ್ತು.

ಇಬ್ಬರಿಗೂ ಮುರಿದದ್ದು ಒಂದೇ ಸ್ಟಡ್ಡು. ಒಬ್ಬನಿಗೆ ಅದರಿಂದ ಒಂದು ದಿನ ಹೋಯಿತು, ಇನ್ನೊಬ್ಬನಿಗೆ ಒಂದು ಬೆಳೆಯೇ ಹೋಯಿತು. ಮುರಿದ ಸ್ಟಡ್ಡು ದೊಡ್ಡ ನಷ್ಟವಲ್ಲ, ಅದು ಮುರಿದ ಮೇಲೆ ನಾವು ಮಾಡುವ ಅವಸರವೇ ದೊಡ್ಡ ನಷ್ಟ. ಇಡೀ ಪಾಠದ ಸಾರ ಇಷ್ಟೇ.

ಸ್ಟಡ್ಡು ಮುರಿಯುವುದು ಏಕೆ?

ತಲೆ ಇರುವುದು ಬೋಲ್ಟು. ತಲೆ ಇಲ್ಲದೆ, ಒಂದು ತುದಿಯನ್ನು ಎಂಜಿನ್ನಿನ ಮೈಗೆ ತಿರುಪಿ, ಇನ್ನೊಂದು ತುದಿಗೆ ನಟ್ಟು ಹಾಕುವುದು ಸ್ಟಡ್ಡು. ಸಿಲಿಂಡರ್ ಹೆಡ್ಡನ್ನೂ ಹೊಗೆಕೊಳವೆಯನ್ನೂ ಹಿಡಿದಿರುವುದು ಹೆಚ್ಚಾಗಿ ಸ್ಟಡ್ಡುಗಳೇ. ಇವು ಮುರಿಯಲು ಮುಖ್ಯವಾಗಿ ಮೂರು ಕಾರಣಗಳುಂಟು.

ಒಂದು, ತುಕ್ಕು. ತುಕ್ಕು ಹಿಡಿದ ಕಬ್ಬಿಣ ಮೊದಲಿಗಿಂತ ಹೆಚ್ಚು ಜಾಗ ತೆಗೆದುಕೊಳ್ಳುತ್ತದೆ. ತಿರುಪಿನ ಗೆರೆಗಳ ಸಂದಿನಲ್ಲಿ ತುಕ್ಕು ಬೆಳೆದರೆ ಅದು ಬೆಣೆ ಹೊಡೆದಂತೆ ಬಿಗಿಯುತ್ತದೆ. ಹೊಗೆಕೊಳವೆಯ ಸ್ಟಡ್ಡುಗಳು ದಿನಾ ಕಾದು ತಣಿಯುವುದರಿಂದ ಅಲ್ಲಿ ಈ ಕಾಟ ಹೆಚ್ಚು.

ಎರಡು, ಮಿತಿಮೀರಿದ ಬಲ. 8 ಮಿಲಿಮೀಟರಿನ, 8.8 ದರ್ಜೆಯ ಬೋಲ್ಟಿಗೆ ಬೇಕಾದ ಬಿಗಿ ಸುಮಾರು 25 ನ್ಯೂಟನ್ ಮೀಟರು. ಎಂದರೆ ಕಾಲು ಮೀಟರು ಉದ್ದದ ಸ್ಪಾನರಿನ ತುದಿಯಲ್ಲಿ ಸುಮಾರು 10 ಕಿಲೋ ಭಾರದಷ್ಟು ಎಳೆತ. ಅದೇ ಸ್ಪಾನರಿಗೆ ಪೈಪು ಸಿಕ್ಕಿಸಿ ಒಂದು ಮೀಟರು ಉದ್ದ ಮಾಡಿ ಅಷ್ಟೇ ಎಳೆದರೆ ಬಲ ನಾಲ್ಕು ಪಟ್ಟಾಗುತ್ತದೆ. ಕೈಗೆ ಭಾರವೇ ತಿಳಿಯುವುದಿಲ್ಲ, ಬೋಲ್ಟು ಮಾತ್ರ ಉಳಿಯುವುದಿಲ್ಲ.

ಮೂರು, ಅಳತೆಯ ಗೊಂದಲ. ಹಳೆಯ ಲಿಸ್ಟರ್ ಮಾದರಿಯ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಗೊತ್ತುಮಾಡಿದ ಇಂಚಿನ ತಿರುಪು ಇರುತ್ತದೆ. ಹೊಸ ಎಂಜಿನ್ನುಗಳಲ್ಲಿ ಇರುವುದು ಮಿಲಿಮೀಟರಿನ ತಿರುಪು. ಅರ್ಧ ಇಂಚಿನ ವಿಟ್‌ವರ್ತ್ ಸ್ಟಡ್ಡೂ 12 ಮಿಲಿಮೀಟರಿನ ಸ್ಟಡ್ಡೂ ಕಣ್ಣಿಗೆ ಅಣ್ಣತಮ್ಮಂದಿರಂತೆ ಕಾಣುತ್ತವೆ. ಆದರೆ ಮೊದಲನೆಯದರಲ್ಲಿ ಒಂದು ಇಂಚಿಗೆ 12 ಗೆರೆ, ಎರಡನೆಯದರಲ್ಲಿ ಗೆರೆಯಿಂದ ಗೆರೆಗೆ 1.75 ಮಿಲಿಮೀಟರು. ಒಂದರ ನಟ್ಟನ್ನು ಇನ್ನೊಂದಕ್ಕೆ ಬಲವಂತದಿಂದ ಹತ್ತಿಸಿದರೆ, ಅದು ಇಳಿಯುವಾಗ ಸ್ಟಡ್ಡನ್ನೇ ಮುರಿಯುತ್ತದೆ.

ಮುರಿಯುವ ಮೊದಲೇ ಎಚ್ಚರ

ಬಿಗಿದ ನಟ್ಟನ್ನು ಬಿಚ್ಚುವ ಮೊದಲು ಹೊರಗೆ ಕಾಣುವ ತಿರುಪನ್ನು ತಂತಿಯ ಬ್ರಷ್ಷಿನಿಂದ ಚೆನ್ನಾಗಿ ತಿಕ್ಕಿರಿ. ಎಣ್ಣೆ ಬಿಡಿ. ನಂತರ ನಟ್ಟನ್ನು ಒಂದು ಕೂದಲೆಳೆಯಷ್ಟು ಬಿಗಿಯುವ ಕಡೆಗೆ ತಿರುವಿ, ಆಮೇಲೆ ಬಿಚ್ಚುವ ಕಡೆಗೆ ತಿರುವಿರಿ. ಸ್ವಲ್ಪ ಬಿಟ್ಟಿತೋ, ಒಂದೇ ಸಮನೆ ಎಳೆಯಬೇಡಿ. ಕಾಲು ಸುತ್ತು ಹಿಂದೆ, ಅರೆಕಾಲು ಸುತ್ತು ಮುಂದೆ ಹೀಗೆ ಆಡಿಸುತ್ತಾ, ಎಣ್ಣೆ ಬಿಡುತ್ತಾ ಬನ್ನಿರಿ.

ಕೈಗೆ ತಿಳಿಯುವ ಒಂದು ಗುರುತನ್ನು ಮರೆಯಕೂಡದು. ನಟ್ಟು ಸರಿಯಾಗಿ ಬಿಡುವಾಗ ‘ಕಟ್’ ಎಂದು ಸದ್ದಾಗಿ ಒಮ್ಮೆಗೇ ಸಡಿಲವಾಗುತ್ತದೆ. ಹಾಗಲ್ಲದೆ ಸ್ಪಾನರು ರಬ್ಬರಿನಂತೆ ಮೆತ್ತಗೆ ತಿರುಗುತ್ತಿದ್ದರೆ, ತಿರುಗುತ್ತಿರುವುದು ನಟ್ಟಲ್ಲ, ಸ್ಟಡ್ಡೇ ಹುರಿಗೊಳ್ಳುತ್ತಿದೆ. ಅಲ್ಲಿಗೇ ಕೈ ನಿಲ್ಲಿಸಿ, ಎಣ್ಣೆ ಮತ್ತು ಬಿಸಿಯ ದಾರಿ ಹಿಡಿಯಿರಿ.

ಮುರಿದಾಗ ಮೊದಲು ಮಾಡಬೇಕಾದ್ದು

ಸ್ಪಾನರು ಕೆಳಗಿಟ್ಟು ಐದು ನಿಮಿಷ ಕುಳಿತುಕೊಳ್ಳಿ. ಸ್ಟಡ್ಡು ಹೇಗೆ ಮುರಿಯಿತು ಎಂದು ಕೇಳಿಕೊಳ್ಳಿ.

ಎಂಜಿನ್ನು ಓಡುವಾಗ ಅದುರಿ ಮುರಿದಿದ್ದರೆ ಅಥವಾ ಬಿಗಿಯುವಾಗ ಬಲ ಹೆಚ್ಚಾಗಿ ಮುರಿದಿದ್ದರೆ, ಒಳಗಿನ ತುಂಡು ಬಹುಮಟ್ಟಿಗೆ ಸಡಿಲವಾಗಿಯೇ ಇರುತ್ತದೆ. ಎಳೆತ ತಪ್ಪಿದೊಡನೆ ಅದನ್ನು ಹಿಡಿದಿದ್ದ ಬಿಗಿಯೂ ತಪ್ಪಿರುತ್ತದೆ. ಇಂಥ ತುಂಡು ಸುಲಭವಾಗಿ ಬರುತ್ತದೆ.

ಬಿಚ್ಚುವಾಗ ತುಕ್ಕಿನ ಬಿಗಿಗೆ ಮುರಿದಿದ್ದರೆ ಸಂಗತಿ ಬೇರೆ. ಇಡೀ ಸ್ಟಡ್ಡಿನ ಗಾತ್ರಕ್ಕೆ ಜಗ್ಗದ ತಿರುಪು, ಅದರ ಹೊಟ್ಟೆಯಲ್ಲಿ ಕೊರೆದು ಹಾಕಿದ ಸಣ್ಣ ಎಕ್ಸ್‌ಟ್ರಾಕ್ಟರಿಗೆ ಜಗ್ಗೀತೇ? ಇದನ್ನು ಯೋಚಿಸದೆ ಇರುವುದರಿಂದಲೇ ಅನೇಕ ಎಂಜಿನ್ನುಗಳು ಕೆಟ್ಟಿವೆ. ಇಂಥ ತುಂಡಿಗೆ ಮೊದಲು ತುಕ್ಕಿನ ಹಿಡಿತ ಬಿಡಿಸಬೇಕು, ಆಮೇಲೆ ತಿರುವಬೇಕು.

ಕೆಲವು ಎಂಜಿನ್ನುಗಳಲ್ಲಿ ಸ್ಟಡ್ಡಿನ ತೂತು ನೀರಿನ ಕೋಣೆಯವರೆಗೆ ಇರುತ್ತದೆ. ಆದ್ದರಿಂದ ಎಂಜಿನ್ನಿನ ನೀರನ್ನು ಮೊದಲೇ ಬಸಿದುಬಿಡಿ. ಸಿಲಿಂಡರಿನ ಬಾಯಿಗೂ ಸುತ್ತಲಿನ ತೂತುಗಳಿಗೂ ಶುದ್ಧವಾದ ಬಟ್ಟೆ ತುರುಕಿರಿ. ಒಳಗೆ ಬಿದ್ದ ಒಂದು ಚೂರು ಕಬ್ಬಿಣ ಪಿಸ್ಟನ್ನನ್ನು ಗೀರಿಹಾಕುತ್ತದೆ.

ಎಣ್ಣೆ, ಪೆಟ್ಟು, ಬಿಸಿ

ಎಣ್ಣೆ: ಅಂಗಡಿಯಲ್ಲಿ ಸಿಗುವ ತುಕ್ಕು ಬಿಡಿಸುವ ಸ್ಪ್ರೇ ಒಳ್ಳೆಯದು. ಅದಿಲ್ಲದಿದ್ದರೆ ಡೀಸೆಲ್ಲಿಗೆ ಸ್ವಲ್ಪ ತೆಳು ಎಣ್ಣೆ ಬೆರೆಸಿ ಬಿಡಬಹುದು. ಮುಖ್ಯವಾದ ಔಷಧಿ ಎಣ್ಣೆಯಲ್ಲ, ಹೊತ್ತು. ಗಂಟೆಗೊಮ್ಮೆ ನಾಲ್ಕಾರು ಹನಿ ಬಿಡುತ್ತಾ ಒಂದು ರಾತ್ರಿಯಾದರೂ ಬಿಡಿ.

ಪೆಟ್ಟು: ತುಂಡಿನ ತಲೆಯ ಮೇಲೆ ಪಂಚು ಇಟ್ಟು ಸಣ್ಣ ಸುತ್ತಿಗೆಯಿಂದ ನೆಟ್ಟಗೆ ಹತ್ತಿಪ್ಪತ್ತು ಸಾಧಾರಣ ಪೆಟ್ಟು ಕೊಡಿ. ಈ ಅದುರಿಕೆಯಿಂದ ತುಕ್ಕು ಬಿರಿದು ಎಣ್ಣೆಗೆ ದಾರಿಯಾಗುತ್ತದೆ. ಬೀಡು ಕಬ್ಬಿಣದ ಮೇಲೆ ಪೆಟ್ಟು ಬೀಳಕೂಡದು. ಬೀಡು ಬಾಗುವುದಿಲ್ಲ, ಸೀಳುತ್ತದೆ.

ಬಿಸಿ: ತುಂಡಿನ ಸುತ್ತಲಿನ ಬೀಡನ್ನು ಬ್ಲೋ ಲ್ಯಾಂಪಿನಿಂದಾಗಲಿ ಗ್ಯಾಸಿನ ಜ್ವಾಲೆಯಿಂದಾಗಲಿ ನಿಧಾನವಾಗಿ ಕಾಯಿಸಿರಿ. ಜ್ವಾಲೆಯನ್ನು ಒಂದೇ ಕಡೆ ಹಿಡಿಯದೆ ಸುತ್ತಾಡಿಸಬೇಕು. ಕಾದಾಗ ಹಿಗ್ಗಿ ತಣಿದಾಗ ಕುಗ್ಗುವುದರಿಂದ ತುಕ್ಕಿನ ಹಿಡಿತ ಒಡೆಯುತ್ತದೆ. ಆರುತ್ತಿರುವಾಗ, ಮೇಣ ತಗಲಿದೊಡನೆ ಕರಗುವಷ್ಟು ಬಿಸಿಯಿರುವಾಗಲೇ, ಮೇಣದ ಬತ್ತಿಯನ್ನು ತಿರುಪಿನ ಅಂಚಿಗೆ ಒತ್ತಿರಿ. ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ ತಿರುಪಿನ ಸಂದು ಕರಗಿದ ಮೇಣವನ್ನು ಒಳಕ್ಕೆ ಹೀರಿಕೊಳ್ಳುತ್ತದೆ. ಎಣ್ಣೆ ಹೋಗದ ಕಡೆಗೂ ಇದು ಹೋಗುವುದುಂಟು.

ಬಿಸಿ ಮಾಡುವಾಗ ಈ ನಿಯಮಗಳನ್ನು ತಪ್ಪಕೂಡದು. ಡೀಸೆಲ್ ಟ್ಯಾಂಕನ್ನು ಬಿಚ್ಚಿ ದೂರವಿಡಿ. ಎಣ್ಣೆ ಬಟ್ಟೆ, ಸ್ಪ್ರೇ ಡಬ್ಬಿ ಹತ್ತಿರ ಇರಕೂಡದು. ಚೆಲ್ಲಿದ ಎಣ್ಣೆಯನ್ನು ಒರೆಸಿ. ಒಂದು ಬಕೆಟ್ಟು ಮರಳು ಪಕ್ಕದಲ್ಲಿರಲಿ. ಕಾದ ಬೀಡಿನ ಮೇಲೆ ನೀರು ಎರಚಬೇಡಿ, ಬಿರುಕು ಬಿಡುತ್ತದೆ. ಅಲ್ಯೂಮಿನಿಯಮ್ ಭಾಗವಾದರೆ ಬಹಳ ಎಚ್ಚರ. ಕಬ್ಬಿಣದಂತೆ ಅದು ಕೆಂಪಗಾಗಿ ಮುನ್ಸೂಚನೆ ಕೊಡುವುದಿಲ್ಲ. ಬಿಸಿ ಮಿತಿಮೀರಿದರೆ ಇದ್ದಕ್ಕಿದ್ದಂತೆ ಕುಸಿಯುತ್ತದೆ.

ತುಂಡು ಹೊರಗೆ ಕಾಣುತ್ತಿದ್ದರೆ

ತಿರುಪು ಸಾಕಷ್ಟು ಹೊರಗಿದ್ದರೆ ಎರಡು ನಟ್ಟುಗಳನ್ನು ಹಾಕಿರಿ. ಅವನ್ನು ಒಂದಕ್ಕೊಂದು ಎದುರಾಗಿ ಬಿಗಿದು, ಕೆಳಗಿನ ನಟ್ಟಿಗೆ ಸ್ಪಾನರು ಹಾಕಿ ಬಿಚ್ಚುವ ಕಡೆಗೆ ತಿರುವಿದರೆ ಸ್ಟಡ್ಡೇ ತಿರುಗಿ ಬರುತ್ತದೆ.

ನಟ್ಟು ಕೂರುವಷ್ಟು ತಿರುಪು ಇಲ್ಲದಿದ್ದರೆ, ತುಂಡಿನ ಎರಡು ಪಕ್ಕಗಳನ್ನು ಅರದಿಂದ ಉಜ್ಜಿ ಚಪ್ಪಟೆ ಮಾಡಿ ಸ್ಪಾನರು ಹಿಡಿಯುವಂತೆ ಮಾಡಬಹುದು. ಕಚ್ಚಿ ಹಿಡಿಯುವ ಲಾಕಿಂಗ್ ಇಕ್ಕಳವನ್ನೂ ಬಳಸಬಹುದು. ಆದರೆ ಅದು ಒಮ್ಮೆ ಜಾರಿದರೆ ತುಂಡಿನ ಮೈ ನುಣ್ಣಗಾಗಿ ಮುಂದಿನ ಹಿಡಿತವೂ ಹೋಗುತ್ತದೆ. ಆದ್ದರಿಂದ ಎಣ್ಣೆ, ಬಿಸಿ ಎರಡೂ ಆದ ಮೇಲೆಯೇ ಇಕ್ಕಳ ಹಾಕಿರಿ.

ತುಂಡು ಸಮಕ್ಕೆ ಅಥವಾ ಒಳಕ್ಕೆ ಮುರಿದಿದ್ದರೆ

ಸಡಿಲವಾಗಿರುವ ತುಂಡಾದರೆ ಹರಿತವಾದ ಸಣ್ಣ ಚಾಣವನ್ನು ಅದರ ಅಂಚಿನ ಹತ್ತಿರ ಓರೆಯಾಗಿಟ್ಟು, ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ ಮೆಲ್ಲನೆ ಬಡಿಯಿರಿ. ಅನೇಕ ವೇಳೆ ಇಷ್ಟರಿಂದಲೇ ತುಂಡು ತಿರುಗುತ್ತದೆ. ನಂತರ ಬೆರಳಿನಿಂದಲೇ ಬಿಚ್ಚಬಹುದು.

ತುಕ್ಕಿನಿಂದ ಬಿಗಿದ ತುಂಡಿಗೆ ನಟ್ಟು ಬೆಸೆಯುವುದೇ ಉತ್ತಮ ಉಪಾಯ. ತುಂಡಿನ ಮೇಲೆ ಸರಿಯಾಗಿ ಕೂರುವ ಉಕ್ಕಿನ ನಟ್ಟನ್ನಿಟ್ಟು, ನಟ್ಟಿನ ತೂತಿನೊಳಗಿನಿಂದ ತುಂಡಿಗೆ ವೆಲ್ಡಿಂಗ್ ಮಾಡಬೇಕು. ತುಂಡು ಒಳಕ್ಕಿದ್ದರೆ ಮೊದಲು ಒಂದು ವಾಷರನ್ನು ಬೆಸೆದು, ಅದರ ಮೇಲೆ ನಟ್ಟನ್ನು ಬೆಸೆಯಬಹುದು. ಇದರಲ್ಲಿ ಲಾಭ ಎರಡು. ತುಂಡಿಗೆ ಹಿಡಿ ಸಿಕ್ಕುತ್ತದೆ. ವೆಲ್ಡಿಂಗಿನ ಬಿಸಿ ತುಂಡಿನ ನಟ್ಟನಡುವೆ ಇಳಿದು ತುಕ್ಕನ್ನು ಒಡೆಯುತ್ತದೆ. ಉಕ್ಕಿನ ಬೆಸುಗೆ ಬೀಡಿಗೆ ಅಷ್ಟು ಚೆನ್ನಾಗಿ ಅಂಟುವುದಿಲ್ಲವಾದ್ದರಿಂದ ಪಕ್ಕಕ್ಕೆ ಸ್ವಲ್ಪ ಸಿಡಿದರೂ ಬಹಳ ಹಾನಿಯಿಲ್ಲ.

ಬೆಸೆದೊಡನೆ ತಿರುವಬೇಡಿ. ಕೆಂಪು ಇಳಿದು ಮೇಣ ಕರಗುವಷ್ಟು ಬಿಸಿಗೆ ಬರುವವರೆಗೆ ಕಾದು, ಮೇಣ ಒತ್ತಿ, ಹಿಂದಕ್ಕೂ ಮುಂದಕ್ಕೂ ಸ್ವಲ್ಪ ಸ್ವಲ್ಪವೇ ಆಡಿಸಿರಿ. ನಟ್ಟು ಕಿತ್ತುಬಂದರೆ ಬೇಸರ ಬೇಡ, ಇನ್ನೊಂದು ನಟ್ಟು ಬೆಸೆಯಿರಿ. ಮೂರನೆಯ, ನಾಲ್ಕನೆಯ ನಟ್ಟಿಗೆ ತುಂಡು ಬರುವುದು ಅಪರೂಪವಲ್ಲ. ಪ್ರತಿಸಲದ ಬಿಸಿಯೂ ನಿಮ್ಮ ಪರವಾಗಿಯೇ ಕೆಲಸ ಮಾಡುತ್ತಿರುತ್ತದೆ.

ವೆಲ್ಡಿಂಗಿನ ಅರ್ತ್ ಕ್ಲಾಂಪನ್ನು ಕೆಲಸದ ಹತ್ತಿರವೇ ಕಚ್ಚಿಸಿರಿ. ದೂರ ಕಚ್ಚಿಸಿದರೆ ವಿದ್ಯುತ್ತು ಬೇರಿಂಗುಗಳ ಮೂಲಕ ಹರಿದು ಅವುಗಳನ್ನು ಕೆಡಿಸುತ್ತದೆ. ಟ್ರ್ಯಾಕ್ಟರಾದರೆ ಬ್ಯಾಟರಿಯ ತಂತಿಗಳನ್ನು ಮೊದಲು ಬಿಚ್ಚಿರಿ. ಬ್ರೇಕ್ ತೊಳೆಯುವ ಸ್ಪ್ರೇಯಿಂದ ಜಾಗವನ್ನು ತೊಳೆದು ವೆಲ್ಡಿಂಗ್ ಮಾಡಬೇಡಿ. ಅವುಗಳಲ್ಲಿ ಕೆಲವು ಕಾದಾಗ ವಿಷದ ಗಾಳಿಯನ್ನು ಬಿಡುತ್ತವೆ.

ಕೊರೆದು ತೆಗೆಯುವುದು

ಮೇಲಿನ ಉಪಾಯಗಳಾವುವೂ ಫಲಿಸದಿದ್ದಾಗ ಮಾತ್ರ ಡ್ರಿಲ್ಲನ್ನು ಹಿಡಿಯಬೇಕು. ಇಲ್ಲಿ ನಡುವೇ ಪ್ರಾಣ. ತುಂಡಿನ ತಲೆಯನ್ನು ಮೊದಲು ಸಮತಟ್ಟು ಮಾಡಿ. ನಟ್ಟ ನಡುವನ್ನು ಅಳೆದು ಪಂಚಿನಿಂದ ಗುರುತು ಹಾಕಿರಿ. ಗುರುತು ಪಕ್ಕಕ್ಕೆ ಸರಿದಿದ್ದರೆ ಪಂಚನ್ನು ಓರೆಯಾಗಿಟ್ಟು ಬಡಿದು ನಡುವಿಗೆ ತನ್ನಿರಿ. ಈ ಒಂದು ಗುರುತಿಗೆ ಅರ್ಧ ಗಂಟೆ ಹಿಡಿದರೂ ಅದು ನಷ್ಟವಲ್ಲ. ಬೀಡು ಉಕ್ಕಿಗಿಂತ ಬೇಗ ಕೊರೆಯುತ್ತದೆ. ಆದ್ದರಿಂದ ಓರೆಯಾದ ಡ್ರಿಲ್ಲು ತುಂಡನ್ನು ಬಿಟ್ಟು ಎಂಜಿನ್ನಿನ ಮೈಯನ್ನೇ ಕೊರೆದುಕೊಂಡು ಹೋಗುತ್ತದೆ.

ತುಂಡು ಒಳಕ್ಕಿದ್ದರೆ, ಆ ತೂತಿನಲ್ಲಿ ಸರಿಯಾಗಿ ಕೂರುವ, ನಡುವೆ ಸಣ್ಣ ತೂತಿರುವ ಒಂದು ಬುಷ್ಷನ್ನು ಲೇತಿನಲ್ಲಿ ಮಾಡಿಸಿಕೊಳ್ಳಿ. ಡ್ರಿಲ್ಲು ಅದರೊಳಗೆ ನಡುವನ್ನು ತಪ್ಪಲಾರದು. 3 ಮಿಲಿಮೀಟರಿನ ಬಿಟ್ಟಿನಿಂದ ಪ್ರಾರಂಭಿಸಿ, ನಿಧಾನವಾದ ವೇಗದಲ್ಲಿ, ಎಣ್ಣೆ ಬಿಡುತ್ತಾ ಕೊರೆಯಿರಿ. ಎಷ್ಟು ಆಳ ಹೋಗಬೇಕೆಂಬುದನ್ನು ಪಕ್ಕದ ಸ್ಟಡ್ಡಿನಿಂದ ಅಳೆದು ಬಿಟ್ಟಿಗೆ ಟೇಪು ಸುತ್ತಿ ಗುರುತು ಮಾಡಿಕೊಳ್ಳಿ. ಆಳ ಮೀರಿದರೆ ನೀರಿನ ಕೋಣೆಗೋ ಎಣ್ಣೆಯ ದಾರಿಗೋ ತೂತು ಬೀಳುತ್ತದೆ.

ಎಡಕ್ಕೆ ತಿರುಗುತ್ತಾ ಕೊರೆಯುವ ಬಿಟ್ಟುಗಳೂ ಉಂಟು. ಅವು ಕೊರೆಯುವ ದಿಕ್ಕೂ ಸ್ಟಡ್ಡು ಬಿಚ್ಚುವ ದಿಕ್ಕೂ ಒಂದೇ ಆದ್ದರಿಂದ, ಕೊರೆಯುತ್ತಿರುವಾಗಲೇ ತುಂಡು ತಿರುಗಿ ಹೊರಬರುವುದುಂಟು. ಬಾರದಿದ್ದರೆ ಹಂತಹಂತವಾಗಿ ತೂತನ್ನು ದೊಡ್ಡದು ಮಾಡುತ್ತಾ, ಆ ತಿರುಪಿಗೆ ಗೊತ್ತಾದ ಟ್ಯಾಪ್ ತೂತಿನ ಅಳತೆಯವರೆಗೆ ಬನ್ನಿರಿ. 8 ಮಿಲಿಮೀಟರಿನ ಸಾಮಾನ್ಯ ತಿರುಪಿಗೆ ಅದು 6.8, 10ಕ್ಕೆ 8.5, 12ಕ್ಕೆ 10.2 ಮಿಲಿಮೀಟರು. ನಡು ಸರಿಯಾಗಿದ್ದರೆ ತುಂಡಿನ ಉಳಿದ ಭಾಗ ಸುರುಳಿ ತಂತಿಯಂತೆ ತಿರುಪಿನಲ್ಲಿ ನಿಂತಿರುತ್ತದೆ. ಅದನ್ನು ಮೊನೆಯಿಂದ ಕಿತ್ತು, ಟ್ಯಾಪನ್ನು ಕೈಯಿಂದ ಮೆಲ್ಲನೆ ಓಡಿಸಿ ಶುದ್ಧ ಮಾಡಿರಿ. ಕಣ್ಣಿಗೆ ಕನ್ನಡಕ ಹಾಕದೆ ಈ ಕೆಲಸಕ್ಕೆ ಕೈ ಹಚ್ಚಕೂಡದು. ಎಂಜಿನ್ನಿಗೆ ಬೇರೆ ಬ್ಲಾಕು ಸಿಕ್ಕೀತು, ಮನುಷ್ಯನಿಗೆ ಬೇರೆ ಕಣ್ಣು ಸಿಕ್ಕದು.

ಎಲ್ಲಿ ನಿಲ್ಲಿಸಬೇಕು?

ಎಕ್ಸ್‌ಟ್ರಾಕ್ಟರನ್ನು ಸಡಿಲವಾದ ತುಂಡಿಗೆ ಮಾತ್ರ ಬಳಸಿರಿ. ಅದು ಬಹಳ ಗಡಸಾದ ಉಕ್ಕು, ಬಾಗದೆ ಮುರಿಯುತ್ತದೆ. ಒಳಗೆ ಮುರಿದರೆ ಸಾಮಾನ್ಯ ಡ್ರಿಲ್ ಬಿಟ್ಟು ಅದರ ಮೇಲೆ ಜಾರುತ್ತದೆಯೇ ಹೊರತು ಕೊರೆಯುವುದಿಲ್ಲ. ವಿದ್ಯುತ್ ಕಿಡಿಯಿಂದ ಲೋಹವನ್ನು ಸವೆಸುವ ಯಂತ್ರವಿರುವ ದೊಡ್ಡ ಕಾರ್ಖಾನೆಗೆ ಹೊರುವುದೇ ಆಗ ದಾರಿ. ಟ್ಯಾಪು ಒಳಗೆ ಮುರಿದರೂ ಇದೇ ಗತಿ.

ಡ್ರಿಲ್ಲು ನಡು ತಪ್ಪಿದೆ ಎಂದು ಕಂಡ ಕೂಡಲೆ ನಿಲ್ಲಿಸಿರಿ. ಆ ಘಟ್ಟದಲ್ಲಿ ಒಳ್ಳೆಯ ಲೇತಿನ ಕೆಲಸಗಾರ ಅದನ್ನು ಇನ್ನೂ ಸರಿಪಡಿಸಬಲ್ಲ. ತಿರುಪು ಹಾಳಾಗಿದ್ದರೂ ತೂತನ್ನು ದೊಡ್ಡದು ಮಾಡಿ, ಹೊಸ ಟ್ಯಾಪು ಹೊಡೆದು, ಹೆಲಿಕಾಯಿಲ್ ಎಂಬ ತಂತಿಯ ಸುರುಳಿ ಕೂರಿಸಿದರೆ ಮೊದಲಿನ ಅಳತೆಯ ಸ್ಟಡ್ಡನ್ನೇ ಹಾಕಬಹುದು. ತಾನು ಮಾಡಲಾರೆನೆಂದು ತಿಳಿದು ಬಲ್ಲವನ ಕೈಗೆ ಕೊಡುವುದು ಸೋಲಲ್ಲ. ಅದೂ ಕೆಲಸದ ಒಂದು ಭಾಗ.

ಹೊಸ ಸ್ಟಡ್ಡು ಹಾಕುವಾಗ

ತೂತಿನಲ್ಲಿ ಪುಡಿ, ಎಣ್ಣೆ, ನೀರು ಇರಕೂಡದು. ತಳ ಮುಚ್ಚಿದ ತೂತಿನಲ್ಲಿ ಎಣ್ಣೆ ನಿಂತಿದ್ದರೆ, ಸ್ಟಡ್ಡು ಇಳಿದಾಗ ಆ ಎಣ್ಣೆಗೆ ಹೋಗಲು ಜಾಗವಿಲ್ಲದೆ ಅದು ಬೀಡನ್ನೇ ಸೀಳಬಲ್ಲದು. ಸ್ಟಡ್ಡು ಮೊದಲ ಕೆಲವು ಸುತ್ತು ಬೆರಳಿನಿಂದಲೇ ಹೋಗಬೇಕು. ಹೋಗದಿದ್ದರೆ ತಿರುಪು ಓರೆಯಾಗಿದೆ ಅಥವಾ ಅಳತೆ ಬೇರೆಯಾಗಿದೆ ಎಂದು ತಿಳಿಯಿರಿ. ನೀರಿನ ಕೋಣೆಗೆ ಹೋಗುವ ಸ್ಟಡ್ಡಿಗೆ ನೀರು ಸೋರದಂತೆ ತಡೆಯುವ ಅಂಟನ್ನು ಹಚ್ಚಿರಿ.

ಮುರಿದದ್ದಕ್ಕೆ ಬದಲಾಗಿ ಅಂಗಡಿಯ ಸಾದಾ ತಿರುಪು ಸರಳನ್ನು ಕತ್ತರಿಸಿ ಹಾಕಬೇಡಿ. ಹೆಡ್ಡಿಗೆ ಆ ಎಂಜಿನ್ನಿಗೆ ಹೇಳಿದ ದರ್ಜೆಯ ಸ್ಟಡ್ಡೇ ಬೇಕು. ಹೊಗೆಕೊಳವೆಯ ಸ್ಟಡ್ಡಿಗೆ ಬಿಸಿ ತಡೆಯುವ, ತುಕ್ಕಿನ ಹಿಡಿತವಾಗದ ಗ್ರೀಸನ್ನು ಸವರಿ, ಸಾಧ್ಯವಾದರೆ ಹಿತ್ತಾಳೆಯ ನಟ್ಟು ಹಾಕಿರಿ. ಮುಂದಿನ ಸಲ ಅದು ಸುಲಭವಾಗಿ ಬಿಡುತ್ತದೆ.

ಹೆಡ್ಡಿನ ನಟ್ಟುಗಳನ್ನು ಒಂದರ ಎದುರಿಗೆ ಒಂದರಂತೆ, ಎರಡು ಮೂರು ಸುತ್ತಿನಲ್ಲಿ ಸ್ವಲ್ಪಸ್ವಲ್ಪವಾಗಿ ಬಿಗಿಯಿರಿ. ಎಷ್ಟು ಬಿಗಿಯಬೇಕೆಂಬುದನ್ನು ಎಂಜಿನ್ನಿನ ಕೈಪಿಡಿ ಹೇಳುತ್ತದೆ. ಅದನ್ನು ಅಳೆಯಲು ಟಾರ್ಕ್ ಸ್ಪಾನರು ಬೇಕು.

ಹಳ್ಳಿಗೊಂದು ಪೆಟ್ಟಿಗೆ

ಟಾರ್ಕ್ ಸ್ಪಾನರು, ಟ್ಯಾಪುಗಳು, ಎಡ ತಿರುಗುವ ಬಿಟ್ಟುಗಳು, ತಿರುಪಿನ ಅಳತೆ ನೋಡುವ ಗೇಜು ಇವನ್ನೆಲ್ಲ ಒಬ್ಬ ರೈತ ಕೊಳ್ಳುವುದು ಭಾರ. ವರ್ಷಕ್ಕೆ ಒಂದೆರಡು ಸಲ ಬೇಕಾಗುವ ಸಾಮಾನು ಇವು. ಪಂಪುಸೆಟ್ಟು, ಟ್ರ್ಯಾಕ್ಟರು ಇರುವ ಹತ್ತು ಮನೆಯವರು ಸೇರಿದರೆ, ಇಲ್ಲವೇ ಊರಿನ ಸಹಕಾರ ಸಂಘ ಮನಸ್ಸು ಮಾಡಿದರೆ, ಒಂದು ಪೆಟ್ಟಿಗೆಯನ್ನು ಹೊಂದಿಸಿಡಬಹುದು. ಪೆಟ್ಟಿಗೆಯಲ್ಲಿ ಒಂದು ಜೊತೆ ಕನ್ನಡಕವೂ ಎರಡು ಮೇಣದ ಬತ್ತಿಯೂ ಇರಲಿ. ಯಾರು ಒಯ್ದರು, ಯಾವಾಗ ತಂದರು ಎಂದು ಬರೆಯಲು ಒಂದು ಪುಸ್ತಕವಿರಲಿ. ಊರಿನಲ್ಲಿ ಐ.ಟಿ.ಐ. ಓದಿದ ಹುಡುಗರಿದ್ದರೆ ಪೆಟ್ಟಿಗೆಯ ಹೊಣೆಯನ್ನು ಅವರಿಗೆ ವಹಿಸಿರಿ.

ನೆನಪಿನಲ್ಲಿಡಬೇಕಾದ ಮಾತುಗಳು

1. ಸ್ಪಾನರಿಗೆ ಪೈಪು ಸಿಕ್ಕಿಸುವ ಮೊದಲು ಎಣ್ಣೆ, ಬಿಸಿ ಪ್ರಯತ್ನಿಸಿರಿ.

2. ಸ್ಪಾನರು ರಬ್ಬರಿನಂತೆ ಮೆತ್ತಗೆ ತಿರುಗಿದರೆ ಕೈ ನಿಲ್ಲಿಸಿರಿ.

3. ಮುರಿದ ಮೇಲೆ ಒಂದು ರಾತ್ರಿ ಎಣ್ಣೆಗೆ ಬಿಡಿ.

4. ತುಕ್ಕಿನ ತುಂಡಿಗೆ ನಟ್ಟು ಬೆಸೆಯಿರಿ, ಎಕ್ಸ್‌ಟ್ರಾಕ್ಟರನ್ನು ನಂಬಬೇಡಿ.

5. ಕೊರೆಯಲೇಬೇಕಾದರೆ ನಡು ತಪ್ಪಬೇಡಿ, ಆಳ ಮೀರಬೇಡಿ.

6. ಬಿಗಿಯುವಾಗ ಮುಂದೆ ಬಿಚ್ಚುವ ದಿನವನ್ನೂ ನೆನೆಯಿರಿ.

ಒಂದು ರಾತ್ರಿ ನೀರು ನಿಂತರೆ ಪೈರು ಬಾಡೀತು, ಮತ್ತೆ ಚಿಗುರೀತು. ಎಂಟು ದಿನ ನಿಂತರೆ ಚಿಗುರಲು ಏನೂ ಉಳಿಯುವುದಿಲ್ಲ. ಆ ಒಂದು ರಾತ್ರಿ ತಾಳಿದವನೇ ಬೆಳೆಯನ್ನು ಉಳಿಸಿಕೊಂಡಾನು.